ಗಾಡಿಯಿಂದ ಇಳಿಯದ ಗಸ್ತು ಯಾರಿಗೆ ಬೇಕು?

ನಮ್ಮ ಕ್ಯಾಂಪಸ್‌ನ ವಾಹನ ಗಸ್ತು ಸೇವೆಗೆ ಐದಕ್ಕೆ ಮೂರೂವರೆ ಸ್ಟಾರ್. ಶುರುವಿನ ತಿಂಗಳುಗಳಲ್ಲಿ ಕೇಳಿದ್ದರೆ ಎರಡು ಕೊಡುತ್ತಿದ್ದೆ. ಆಮೇಲೆ ಒಂದೂವರೆ ಸ್ಟಾರ್ ಯಾಕೆ ಸೇರಿತು, ಉಳಿದ ಒಂದೂವರೆ ಯಾಕೆ ಇನ್ನೂ ಸೇರಿಲ್ಲ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಒಂದು ದೊಡ್ಡ ಕ್ಯಾಂಪಸ್‌ನ ಎಸ್ಟೇಟ್ ಮ್ಯಾನೇಜರ್. ಮುಂದುಗಡೆ ಆಫೀಸ್ ಕಟ್ಟಡಗಳು, ಒಂದು ಸಾಲು ಅಂಗಡಿಗಳು. ಹಿಂದೆ ಗೋಡೌನ್‌ಗಳು. ಒಂದು ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಟವರ್‌ಗಳು. ಕೆಳಗೆ ಎರಡು ಅಂತಸ್ತಿನ ಬೇಸ್‌ಮೆಂಟ್. ಗೇಟಿನ ಗಾರ್ಡ್‌ಗಳು ಮೊದಲಿನಿಂದಲೂ ಇದ್ದಾರೆ, ಚೆನ್ನಾಗಿಯೇ ಕೆಲಸ ಮಾಡುತ್ತಾರೆ. ಆದರೆ ಗೇಟಿನಿಂದ ಹಿಂದಿನ ಕಾಂಪೌಂಡ್ ಮೂಲೆಗೆ ರಾತ್ರಿ ಹೊತ್ತು ಒಬ್ಬ ನಡೆದು ಹೋಗಿ ಬರುವಷ್ಟರಲ್ಲಿ ಇನ್ನೊಂದು ಮೂಲೆಯಲ್ಲಿ ಏನು ಬೇಕಾದರೂ ಆಗಬಹುದು. ಅದಕ್ಕೇ ವಾಹನ ಗಸ್ತು ತೆಗೆದುಕೊಂಡೆವು. ಮೇಲೆ ಹಳದಿ ಲೈಟ್ ತಿರುಗುವ ಒಂದು ಕಾರು, ಒಬ್ಬ ಡ್ರೈವರ್, ಜೊತೆಗೆ ಒಬ್ಬ ಗಾರ್ಡ್, ಜಿಪಿಎಸ್, ಮೊಬೈಲ್‌ನಲ್ಲಿ ಆ್ಯಪ್, ತಿಂಗಳಿಗೊಂದು ರಿಪೋರ್ಟ್. ಕಾಗದದ ಮೇಲೆ ಎಲ್ಲವೂ ಅಚ್ಚುಕಟ್ಟು.

ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೆ ಜಗಳ ಆ ಕಂಪನಿಯ ಸುತ್ತಲೇ ಸುತ್ತುತ್ತದೆ. ನಾನು ಹೇಳುವ ತೊಂದರೆಗಳು ಹೆಚ್ಚು ಕಡಿಮೆ ಈ ಸೇವೆ ಕೊಡುವ ಎಲ್ಲರಲ್ಲೂ ಇವೆ ಅನ್ನೋದು ಬೇರೆ ಕ್ಯಾಂಪಸ್‌ಗಳನ್ನು ನೋಡಿಕೊಳ್ಳುವ ಗೆಳೆಯರ ಜೊತೆ ಮಾತಾಡಿದಾಗ ಗೊತ್ತಾಯಿತು.

ಮೊದಲು ಒಳ್ಳೆಯದನ್ನೇ ಹೇಳಿಬಿಡುತ್ತೇನೆ. ದೂರದ ಮಟ್ಟಿಗೆ ಕಾರಿಗೆ ಸಾಟಿ ಇಲ್ಲ. ಹಿಂದಿನ ಗೋಡೌನ್‌ನಿಂದ ಯಾರಾದರೂ ವಾಕಿಟಾಕಿಯಲ್ಲಿ ಕರೆದರೆ ಗಸ್ತು ಗಾಡಿ ಅಲ್ಲಿಗೆ ಬೇಗ ತಲುಪುತ್ತದೆ. ನಡೆದು ಹೋಗುವವನು ದಾರಿಯಲ್ಲೇ ಇರುತ್ತಾನೆ. ಇನ್ನೊಂದು, ಕಾರು ಸಾಮಾನು ಹೊರುತ್ತದೆ. ನಮ್ಮ ಗಾಡಿಯ ಡಿಕ್ಕಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್, ಫಸ್ಟ್ ಏಡ್ ಬಾಕ್ಸ್, ದೊಡ್ಡ ಟಾರ್ಚ್, ರಸ್ತೆಗೆ ಇಡುವ ಕೋನ್‌ಗಳು, ಬ್ಯಾಟರಿ ಸತ್ತ ಕಾರಿಗೆ ಹಾಕುವ ಕೇಬಲ್, ಮಳೆ ಕೋಟು ಇವೆ. ಗೋಡೌನ್ ಹಿಂದೆ ನೆಲದಡಿಯ ನೀರಿನ ಪೈಪ್ ಒಡೆದ ರಾತ್ರಿ ಮೊದಲು ನೋಡಿದ್ದು ಇವರೇ. ಜಾಗಕ್ಕೆ ಕೋನ್ ಇಟ್ಟು, ವಾಲ್ವ್ ಎಲ್ಲಿದೆ ಅಂತ ನನಗೆ ಫೋನ್ ಮಾಡಿ, ಲೈಟ್ ಹಿಡಿದುಕೊಂಡು ವಾಲ್ವ್ ತಿರುಗಿಸಿದರು. ಬೆಳಗಿನವರೆಗೆ ಯಾರೂ ನೋಡದಿದ್ದರೆ ಗೋಡೌನ್ ಒಳಗಿನ ರಟ್ಟಿನ ಡಬ್ಬಗಳ ಗತಿ ಏನಾಗುತ್ತಿತ್ತು ಅಂತ ಬಾಡಿಗೆದಾರರನ್ನೇ ಕೇಳಬೇಕು. ಕಳ್ಳರನ್ನು ಹಿಡಿಯೋಕೆ ಅಂತ ಸೆಕ್ಯುರಿಟಿ ಇಡುತ್ತೇವೆ, ಆದರೆ ಅವರು ಹಿಡಿಯೋದು ಜಾಸ್ತಿ ನೀರು, ಹೊಗೆ, ಬೀಗ ಹಾಕದ ಬಾಗಿಲು. ಅದೇನೂ ಸಣ್ಣ ಕೆಲಸ ಅಲ್ಲ.

ಇನ್ನು ದೂರು.

ರಿಪೋರ್ಟ್‌ಗಳು ಚೆನ್ನಾಗಿ ಬರುತ್ತಿದ್ದವು. ಬಣ್ಣದ ನಕ್ಷೆ, ಕಾರು ಓಡಿದ ದಾರಿ ನೀಲಿ ಗೆರೆಯಲ್ಲಿ, ಒಟ್ಟು ಎಷ್ಟು ಕಿಲೋಮೀಟರ್, ಎಷ್ಟು ರೌಂಡ್ಸ್. ಕೊನೆಯ ಕಾಲಂನಲ್ಲಿ ಮಾತ್ರ ಪ್ರತಿ ಸಾಲಿಗೂ ಒಂದೇ ಮಾತು: ‘ಆಲ್ ಓಕೆ.’ ಇಷ್ಟು ದೊಡ್ಡ ಜಾಗದಲ್ಲಿ ತಿಂಗಳಿಡೀ ಒಂದು ಬಲ್ಬ್ ಕೂಡ ಸುಡಲಿಲ್ಲವಾ? ಒಂದು ಬಾಗಿಲಿನ ಚಿಲಕ ಕೂಡ ಸಡಿಲ ಆಗಲಿಲ್ಲವಾ? ನನಗೆ ಅಲ್ಲೇ ಅನುಮಾನ ಬಂತು. ಒಂದು ರಾತ್ರಿ ಹೇಳದೆ ಹೋಗಿ ಹಿಂದಿನ ಸೀಟಿನಲ್ಲಿ ಕುಳಿತೆ.

ಕಿಟಕಿ ಗಾಜು ಏರಿಸಿತ್ತು. ಎಸಿ ಓಡುತ್ತಿತ್ತು. ಎಫ್‌ಎಂ ಸಣ್ಣಗೆ ಹಾಡುತ್ತಿತ್ತು. ಗಾರ್ಡ್ ಮೊಬೈಲ್ ಕೈಯಲ್ಲಿ ಹಿಡಿದು ಆ್ಯಪ್ ನೋಡುತ್ತಿದ್ದ. ಹೆಡ್‌ಲೈಟ್ ಬೆಳಕು ಮುಂದಿನ ರಸ್ತೆಯ ಮೇಲೆ ಬೀಳುತ್ತಿತ್ತು. ಆದರೆ ನಾವು ನೋಡಬೇಕಾದದ್ದು ರಸ್ತೆಯನ್ನಲ್ಲ, ಅಲ್ವಾ? ಶಟರ್‌ಗಳು, ಮೆಟ್ಟಿಲ ಬಾಗಿಲುಗಳು, ಕಾಂಪೌಂಡ್ ಗೋಡೆ ಎಲ್ಲ ಪಕ್ಕದಲ್ಲಿ ಕತ್ತಲಲ್ಲಿ ಜಾರಿ ಹೋಗುತ್ತಿದ್ದವು. ಸ್ಪೀಡೋಮೀಟರ್ 30ರ ಹತ್ತಿರ ಇತ್ತು. ಲೆಕ್ಕ ಹಾಕಿ ನೋಡಿ. ಗಂಟೆಗೆ 30 ಕಿಲೋಮೀಟರ್ ಅಂದರೆ ಸೆಕೆಂಡಿಗೆ 8 ಮೀಟರ್‌ಗಿಂತ ಜಾಸ್ತಿ. 3 ಮೀಟರ್ ಅಗಲದ ಶಟರ್ ಮುಂದೆ ಕಾರು ಇರುವುದು ಅರ್ಧ ಸೆಕೆಂಡೂ ಇಲ್ಲ. ಬೀಗ ಇದೆಯೋ ಇಲ್ಲವೋ ಬಿಡಿ, ಶಟರ್ ನೆಲಕ್ಕೆ ಮುಟ್ಟಿದೆಯೋ ಇಲ್ಲವೋ ನೋಡೋಕೂ ಅದು ಸಾಲದು. ವೇಗ 10ಕ್ಕೆ ಇಳಿಸಿದರೆ ಒಂದು ಸೆಕೆಂಡ್ ಸಿಗುತ್ತದೆ. ಅದೂ ಡ್ರೈವರ್ ಅಲ್ಲದವನು ತಲೆ ಎತ್ತಿ ನೋಡಿದರೆ.

ಪಂಪ್ ಹೌಸ್ ಹತ್ತಿರ ನಿಲ್ಲಿಸೋಕೆ ಹೇಳಿದೆ.

‘ಇಳಿಯೋದು ಬೇಡ ಮೇಡಂ, ಇಲ್ಲಿಂದಲೇ ಲೈಟ್ ಹೊಡೀತೀನಿ, ಎಲ್ಲ ಕಾಣುತ್ತೆ,’ ಅಂದ ಗಾರ್ಡ್.

ಲೈಟ್ ಹೊಡೆದ. ಬಾಗಿಲು ಕಂಡಿತು, ಬೀಗ ಕಂಡಿತು. ಎಲ್ಲ ಸರಿ. ನಾನು ಇಳಿದು ಬಾಗಿಲ ಹತ್ತಿರ ಹೋದೆ. ಒಳಗೆ ಬೀಪ್, ಬೀಪ್ ಅಂತ ಸಣ್ಣ ಸದ್ದು. ಬೀಗ ತೆಗೆಸಿ ನೋಡಿದರೆ ಫೈರ್ ಪಂಪ್‌ನ ಪ್ಯಾನಲ್‌ನಲ್ಲಿ ಹಳದಿ ಫಾಲ್ಟ್ ಲೈಟ್ ಉರಿಯುತ್ತಿತ್ತು. ಪಂಪ್ ಆಟೋ ಮೋಡ್‌ನಲ್ಲಿ ಇರಲಿಲ್ಲ. ಯಾರೋ ಸರ್ವಿಸ್ ಮಾಡಿದವರು ಮ್ಯಾನುಯಲ್‌ಗೆ ತಿರುಗಿಸಿ ಹಾಗೇ ಬಿಟ್ಟು ಹೋಗಿದ್ದರು. ಅಂದರೆ ಬೆಂಕಿ ಬಿದ್ದು ಸ್ಪ್ರಿಂಕ್ಲರ್ ತೆರೆದುಕೊಂಡರೂ ಪಂಪ್ ತಾನಾಗಿ ಶುರು ಆಗುತ್ತಿರಲಿಲ್ಲ. ಗಸ್ತು ಗಾಡಿ ಆ ಬಾಗಿಲ ಮುಂದೆ ರಾತ್ರಿ ಪೂರ್ತಿ ಓಡಾಡಿತ್ತು. ರಿಪೋರ್ಟ್‌ನಲ್ಲಿ ‘ಆಲ್ ಓಕೆ.’

ಗಾಜು ಏರಿಸಿದ ಕಾರಿನಲ್ಲಿ ಕೂತವನಿಗೆ ಕಣ್ಣು ಒಂದೇ ಕೆಲಸ ಮಾಡುತ್ತದೆ. ಕಿವಿಯೂ ಇಲ್ಲ, ಮೂಗೂ ಇಲ್ಲ. ವೈರ್ ಸುಟ್ಟ ವಾಸನೆ, ಗ್ಯಾಸ್ ವಾಸನೆ, ನೀರು ಸೋರುವ ಸದ್ದು, ಎಲ್ಲೋ ಗಾಜು ಒಡೆದ ಸದ್ದು, ಯಾವುದೂ ಒಳಗೆ ಬರುವುದಿಲ್ಲ. ನಾನು ಮಾಡಿಸಿದ ಮೊದಲ ಬದಲಾವಣೆಗೆ ಒಂದು ಪೈಸೆ ಖರ್ಚು ಇರಲಿಲ್ಲ: ಕ್ಯಾಂಪಸ್ ಒಳಗೆ ಎರಡೂ ಕಡೆ ಕಿಟಕಿ ಇಳಿಸಿರಬೇಕು, ರೇಡಿಯೋ ಬಂದ್. ಡ್ರೈವರ್ ಗೊಣಗಿದ. ಮಳೆ ಜೋರಾಗಿ ಬಂದರೆ ಒಂದು ಕಡೆ ಏರಿಸಬಹುದು ಅಂದೆ.

ಈಗ ಟ್ಯಾಗ್ ವಿಷಯಕ್ಕೆ ಬರುತ್ತೇನೆ, ಅಂದರೆ ಗಾರ್ಡ್ ಒಂದು ಜಾಗಕ್ಕೆ ಬಂದದ್ದಕ್ಕೆ ಸಾಕ್ಷಿಯಾಗಿ ಮೊಬೈಲ್ ತಾಗಿಸುವ, ಚಿಪ್ ಇರುವ ಸಣ್ಣ ಬಿಲ್ಲೆ. ಈ ಸೇವೆ ತೆಗೆದುಕೊಳ್ಳುವವರು ಒಂದೇ ಒಂದು ವಿಷಯಕ್ಕೆ ತಲೆ ಕೆಡಿಸಿಕೊಳ್ಳುವುದಾದರೆ ಇದಕ್ಕೇ ಕೆಡಿಸಿಕೊಳ್ಳಬೇಕು.

ಗಾರ್ಡ್ ನಿಜವಾಗಿ ಬಂದಿದ್ದನಾ ಅನ್ನೋ ಪ್ರಶ್ನೆ ಹಳೆಯದು. 1855ರಲ್ಲೇ ಜರ್ಮನಿಯ ಯೋಹಾನೆಸ್ ಬುರ್ಕ್ ಅನ್ನುವವನು ಕಾವಲುಗಾರ ಹೊತ್ತುಕೊಂಡು ತಿರುಗುವ ಗಡಿಯಾರ ಮಾಡಿದ್ದ. ಕಟ್ಟಡದ ಒಂದೊಂದು ಮೂಲೆಯಲ್ಲಿ ಒಂದೊಂದು ಬೀಗದ ಕೀಲಿಯನ್ನು ಸರಪಳಿಗೆ ಕಟ್ಟಿರುತ್ತಿದ್ದರು. ಕಾವಲುಗಾರ ಅಲ್ಲಿಗೆ ಹೋಗಿ ಆ ಕೀಲಿಯನ್ನು ಗಡಿಯಾರಕ್ಕೆ ಹಾಕಿ ತಿರುಗಿಸಿದರೆ ಒಳಗಿನ ಕಾಗದದ ಮೇಲೆ ಗುರುತು ಬೀಳುತ್ತಿತ್ತು. ಬೆಳಗ್ಗೆ ಯಜಮಾನ ತೆರೆದು ನೋಡುತ್ತಿದ್ದ. ಈಗ ಕೀಲಿಯ ಜಾಗದಲ್ಲಿ ಎನ್‌ಎಫ್‌ಸಿ ಟ್ಯಾಗ್ ಬಂದಿದೆ, ಗಡಿಯಾರದ ಜಾಗದಲ್ಲಿ ಮೊಬೈಲ್. ಟ್ಯಾಗ್ ಓದಬೇಕಾದರೆ ಮೊಬೈಲನ್ನು ಅದರ ಹತ್ತಿರಕ್ಕೆ, ಕೆಲವೇ ಸೆಂಟಿಮೀಟರ್ ದೂರಕ್ಕೆ ತರಬೇಕು. ದೂರದಿಂದ ಆಗುವುದಿಲ್ಲ. ಹಾಗಾಗಿ ಮೋಸ ಮಾಡೋಕೆ ಆಗಲ್ಲ ಅಂತ ಕಂಪನಿಯವರು ಹೇಳುತ್ತಾರೆ. ಸರಿಯೇ. ಆದರೆ ಟ್ಯಾಗ್ ಅಂಟಿಸುವವರು ಯಾರು? ಅವರೇ.

ನಮ್ಮಲ್ಲಿ ಟ್ಯಾಗ್‌ಗಳನ್ನು ರಸ್ತೆ ಬದಿಯ ಕಂಬಗಳಿಗೆ ಅಂಟಿಸಿದ್ದರು. ಎತ್ತರ ಸರಿಯಾಗಿ ಕಾರಿನ ಕಿಟಕಿಯ ಎತ್ತರ. ಡ್ರೈವರ್ ಕಂಬದ ಪಕ್ಕಕ್ಕೆ ಗಾಡಿ ತಂದು ನಿಲ್ಲಿಸುತ್ತಾನೆ, ಕಿಟಕಿಯಿಂದ ಕೈ ಚಾಚಿ ಮೊಬೈಲ್ ತೋರಿಸುತ್ತಾನೆ, ಟಿಂಗ್ ಅಂತ ಸದ್ದು ಬರುತ್ತದೆ, ಮುಂದಿನ ಕಂಬ. ಎಷ್ಟು ನಾಜೂಕಾಗಿ ಮಾಡುತ್ತಿದ್ದ ಅಂದರೆ ನೋಡೋಕೆ ಖುಷಿ ಆಗುತ್ತಿತ್ತು. ಅವನನ್ನು ಬೈದು ಪ್ರಯೋಜನ ಇಲ್ಲ. ಕೊಟ್ಟ ಕೆಲಸ ಟ್ಯಾಗ್ ಮುಟ್ಟಿಸೋದು, ಮುಟ್ಟಿಸುತ್ತಿದ್ದ.

ಆ ಎಲ್ಲ ಟ್ಯಾಗ್‌ಗಳನ್ನು ಕೀಳಿಸಿದೆ. ಎಲ್ಲಿ ಹಾಕಬೇಕು ಅಂತ ನಮ್ಮ ಎಲೆಕ್ಟ್ರಿಷಿಯನ್ ಮತ್ತು ಪ್ಲಂಬರ್ ಜೊತೆ ನಡೆದು ಗುರುತು ಮಾಡಿದೆ. ಸೆಕ್ಯುರಿಟಿಯವರ ಜೊತೆ ಅಲ್ಲ. ಯಾವ ಜಾಗದಲ್ಲಿ ಏನು ಕೆಡುತ್ತದೆ ಅಂತ ಗೊತ್ತಿರುವುದು ರಿಪೇರಿ ಮಾಡುವವರಿಗೆ. ಈಗ ಒಂದು ಟ್ಯಾಗ್ ಫೈರ್ ಪಂಪ್ ಪ್ಯಾನಲ್ ಪಕ್ಕದಲ್ಲೇ ಇದೆ. ಅಲ್ಲಿಗೆ ಹೋಗಬೇಕಾದರೆ ಬೀಗ ತೆಗೆಯಲೇಬೇಕು. ಒಂದು ಜನರೇಟರ್ ರೂಮಿನ ಒಳಗೆ, ಡೀಸೆಲ್ ಟ್ಯಾಂಕ್ ಹಿಂದೆ. ಗೋಡೌನ್‌ನ ಹಿಂಬಾಗಿಲಿಗೆ ಒಂದು, ಟ್ರಕ್ ನಿಲ್ಲುವ ಕಟ್ಟೆಯ ಮೇಲೆ ಒಂದು. ಟೆರೇಸ್ ಬಾಗಿಲಿನ ಒಳಮುಖಕ್ಕೆ ಒಂದು. ಗಾಡಿಯಿಂದ ಇಳಿಯದೆ ಯಾವುದನ್ನೂ ಮುಟ್ಟೋಕೆ ಆಗಲ್ಲ. ಸ್ಕ್ಯಾನ್ ಮಾಡಿದ ಮೇಲೆ ಆ್ಯಪ್ ಒಂದು ಪ್ರಶ್ನೆ ಕೇಳುತ್ತದೆ: ‘ಪಂಪ್ ಆಟೋದಲ್ಲಿದೆಯಾ? ಪ್ರೆಷರ್ ಎಷ್ಟು?’ ಮುಳ್ಳು ನೋಡದೆ ಅಂಕಿ ಹಾಕೋಕೆ ಆಗಲ್ಲ. ಹಾಕಬಹುದು, ಆದರೆ ಬೆಳಗ್ಗೆ ನಮ್ಮ ಪಂಪ್ ಆಪರೇಟರ್ ಬರೆದದ್ದಕ್ಕೆ ತಾಳೆ ಆಗಲ್ಲ.

ರೌಂಡ್ಸ್ ಸಂಖ್ಯೆ ಅರ್ಧಕ್ಕೆ ಇಳಿಯಿತು. ಕಂಪನಿಯ ಮ್ಯಾನೇಜರ್ ಬಂದು ‘ಮೇಡಂ, ರಿಪೋರ್ಟ್‌ನಲ್ಲಿ ಕಿಲೋಮೀಟರ್ ಕಡಿಮೆ ಕಾಣಿಸುತ್ತೆ, ನಿಮ್ಮ ಕಮಿಟಿಯವರು ಕೇಳಲ್ವಾ?’ ಅಂದರು. ಕೇಳಿದರು ಕೂಡ. ನಾನು ಕಿಲೋಮೀಟರ್ ಕಾಲಂ ತೆಗೆಸಿ ‘ಗಾಡಿಯಿಂದ ಕೆಳಗಿದ್ದ ನಿಮಿಷ’ ಅನ್ನೋ ಕಾಲಂ ಹಾಕಿಸಿದೆ. ಒಂದು ಟ್ಯಾಗ್‌ನಿಂದ ಇನ್ನೊಂದಕ್ಕೆ ಹೋದ ಸಮಯ ಹೇಗೂ ದಾಖಲಾಗುತ್ತದೆ. ಅದರಿಂದಲೇ ಲೆಕ್ಕ ಸಿಗುತ್ತದೆ.

ಜಿಪಿಎಸ್ ಬಗ್ಗೆ ಸುಮ್ನೆ ಒಂದು ಮಾತು. ಅದಕ್ಕೆ ಆಕಾಶ ಕಾಣಬೇಕು. ಜಾಗ ಸರಿಯಾಗಿ ಗುರುತಿಸೋಕೆ ಕನಿಷ್ಠ 4 ಉಪಗ್ರಹಗಳ ಸಿಗ್ನಲ್ ಬೇಕು, ಬೇಸ್‌ಮೆಂಟ್‌ನಲ್ಲಿ ಒಂದೂ ಸಿಗಲ್ಲ. ನಮ್ಮ ರಿಪೋರ್ಟ್‌ನಲ್ಲಿ ಕಾರು ಬೇಸ್‌ಮೆಂಟ್‌ಗೆ ಇಳಿದಾಗಲೆಲ್ಲ ನೀಲಿ ಗೆರೆ ಕಾಂಪೌಂಡ್ ಹಾರಿ ಪಕ್ಕದ ಕಟ್ಟಡದ ಮೇಲೆ ಹೋಗಿ ಕೂರುತ್ತಿತ್ತು. ಕಮಿಟಿಯ ಒಬ್ಬರು ಇದನ್ನು ನೋಡಿ ಡ್ರೈವರ್ ಎಲ್ಲಿಗೋ ಹೋಗಿ ಮಲಗುತ್ತಾನೆ ಅಂತ ದೊಡ್ಡ ಗಲಾಟೆ ಮಾಡಿದರು. ಪಾಪ, ಅವನು ಕೆಳಗೇ ಇದ್ದ. ಬೇಸ್‌ಮೆಂಟ್ ಇರುವ ಜಾಗದಲ್ಲಿ ಟ್ಯಾಗ್ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ ಅಂದುಕೊಳ್ಳಿ.

ಹಳದಿ ಲೈಟ್ ಹಾಕಿಕೊಂಡು ಕಾರು ಸುತ್ತುತ್ತಿದ್ದರೆ ಸಾಕು, ಕಳ್ಳರು ಹೆದರುತ್ತಾರೆ ಅನ್ನುವವರು ಬಹಳ ಜನ. ಈ ಸೇವೆ ಮಾರುವವರು ಮೊದಲು ಹೇಳುವ ಮಾತೂ ಅದೇ. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಪೊಲೀಸರು 1972ರಿಂದ 1973ರವರೆಗೆ ಒಂದು ವರ್ಷ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. 15 ಬೀಟ್‌ಗಳನ್ನು, ಅಂದರೆ ಗಸ್ತಿನ ಪ್ರದೇಶಗಳನ್ನು, ಮೂರು ಪಾಲು ಮಾಡಿದರು. ಒಂದು ಪಾಲಿನಲ್ಲಿ ಕಾರು ಗಸ್ತು ಪೂರ್ತಿ ನಿಲ್ಲಿಸಿದರು, ಕರೆ ಬಂದರೆ ಮಾತ್ರ ಹೋಗುತ್ತಿದ್ದರು. ಇನ್ನೊಂದರಲ್ಲಿ ಮೊದಲಿನಷ್ಟೇ. ಮೂರನೆಯದರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ವರ್ಷದ ಕೊನೆಗೆ ನೋಡಿದರೆ ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಜನರ ಭಯ ಕೂಡ ಹೆಚ್ಚಲೂ ಇಲ್ಲ, ಇಳಿಯಲೂ ಇಲ್ಲ. ತಮ್ಮ ಬೀದಿಯಲ್ಲಿ ಗಸ್ತು ನಿಂತದ್ದು ಜನರಿಗೆ ಹೆಚ್ಚು ಕಡಿಮೆ ಗೊತ್ತೇ ಆಗಿರಲಿಲ್ಲ.

ಅದು ಊರಿನ ರಸ್ತೆ, ಪೊಲೀಸ್ ಕಾರು. ನಮ್ಮದು ಗೇಟು ಕಾಂಪೌಂಡ್ ಇರುವ ಖಾಸಗಿ ಜಾಗ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕೆ ಆಗಲ್ಲ, ಒಪ್ಪುತ್ತೇನೆ. ಆದರೂ ಬರೀ ಚಕ್ರ ತಿರುಗಿದರೆ ಕಾವಲು ಆಯ್ತು ಅನ್ನುವವರಿಗೆ ಈ ಕಥೆ ಹೇಳುತ್ತೇನೆ. ಇದೇ ದಾರಿಯ ಇನ್ನೊಂದು ಅಧ್ಯಯನ ನನಗೆ ನೇರವಾಗಿ ಉಪಯೋಗಕ್ಕೆ ಬಂತು. 1995ರಲ್ಲಿ ಕ್ರಿಸ್ಟೋಫರ್ ಕೋಪರ್ ಅನ್ನುವ ಸಂಶೋಧಕ ಅಮೆರಿಕದ ಮಿನಿಯಾಪೊಲಿಸ್ ಊರಿನ ಮಾಹಿತಿ ಇಟ್ಟುಕೊಂಡು ನೋಡಿದ. ತೊಂದರೆ ಇರುವ ಜಾಗದಲ್ಲಿ ಪೊಲೀಸರು ಸುಮ್ಮನೆ ಹಾದುಹೋಗುವುದಕ್ಕಿಂತ 10 ನಿಮಿಷಕ್ಕೂ ಜಾಸ್ತಿ ನಿಂತರೆ, ಅವರು ಹೋದ ಮೇಲೂ ಆ ಜಾಗ ಹೆಚ್ಚು ಹೊತ್ತು ಶಾಂತವಾಗಿ ಇರುತ್ತಿತ್ತು. 15 ನಿಮಿಷದ ಆಚೆ ನಿಂತರೆ ಅಷ್ಟೇನೂ ಲಾಭ ಇಲ್ಲ. ನಮ್ಮ ಲೋಡಿಂಗ್ ಜಾಗದಲ್ಲಿ ಸಂಜೆ ಕೊನೆಯ ಟ್ರಕ್ ಹೋದ ಮೇಲೆ ಹೊರಗಿನವರು ಬಂದು ಕೂರುವುದು, ಸಣ್ಣಪುಟ್ಟ ಸಾಮಾನು ಮಾಯ ಆಗುವುದು ಇತ್ತು. ಅಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಗಾರ್ಡ್ ಇಳಿದು ಹತ್ತು ಹದಿನೈದು ನಿಮಿಷ ಓಡಾಡಬೇಕು ಅಂತ ಮಾಡಿದೆವು. ಕೂರುವವರು ಬೇರೆ ಜಾಗ ಹುಡುಕಿಕೊಂಡರು.

ಸಮಯದ ವಿಷಯವೂ ಇದೆ. ಗಂಟೆ ಹೊಡೆದ ಹಾಗೆ ಸರಿಯಾಗಿ ಬರುವ ಗಾಡಿ ಕಮಿಟಿಗೆ ಇಷ್ಟ, ಗಾರ್ಡ್‌ಗೂ ಇಷ್ಟ, ಕಳ್ಳನಿಗಂತೂ ತುಂಬಾ ಇಷ್ಟ. ನಮ್ಮ ಟವರ್‌ನ ಹುಡುಗರಿಗೇ ಗಾಡಿ ಯಾವಾಗ ಬರುತ್ತೆ ಅಂತ ಬಾಯಿಪಾಠ ಇತ್ತು. ಟೆರೇಸ್‌ಗೆ ಹೋಗೋಕೆ ಅವರಿಗೆ ಅದೇ ಟೈಂಟೇಬಲ್. ಈಗ ಶುರುವಾಗುವ ಹೊತ್ತನ್ನು ಆ್ಯಪ್ ಬದಲಾಯಿಸುತ್ತದೆ. ದಾರಿ ಕೆಲವೊಮ್ಮೆ ಉಲ್ಟಾ. ಅಂಗಡಿಗಳು ಕ್ಯಾಶ್ ಎಣಿಸಿ ಶಟರ್ ಎಳೆಯುವ ಹೊತ್ತಿಗೆ ಮತ್ತು ಶಿಫ್ಟ್ ಬದಲಾಗುವ ಹೊತ್ತಿಗೆ ಮಾತ್ರ ಗಾಡಿ ಇರಲೇಬೇಕು, ಅಲ್ಲಿ ಬದಲಾವಣೆ ಇಲ್ಲ.

ಅಪಾರ್ಟ್‌ಮೆಂಟ್ ಕಡೆಯ ದೂರುಗಳೇ ಬೇರೆ. ಗೋಡೌನ್‌ಗೆ ಎಷ್ಟು ಲೈಟ್, ಎಷ್ಟು ಸದ್ದು ಇದ್ದರೂ ಒಳ್ಳೆಯದು. ಮನೆಗಳ ಹತ್ತಿರ ಅದೇ ಲೈಟ್ ನೆಲಮಹಡಿಯ ಬೆಡ್‌ರೂಮ್ ಗೋಡೆ ಮೇಲೆ ಸುತ್ತುತ್ತದೆ. ರಾತ್ರಿ ಎರಡು ಗಂಟೆಗೆ ರಿವರ್ಸ್ ತೆಗೆದರೆ ಬೀಪ್ ಬೀಪ್ ಸದ್ದಿಗೆ ಮಗು ಏಳುತ್ತದೆ. ಇಂಜಿನ್ ಆನ್ ಮಾಡಿಕೊಂಡೇ ಕೆಳಗೆ ನಿಂತರೆ ಹೊಗೆ ಕಿಟಕಿಗೆ. ಈ ದೂರುಗಳನ್ನು ಕಂಪನಿ ತಡವಾಗಿ ಕೇಳಿತು, ಆದರೆ ಕೇಳಿತು. ಟವರ್ ಕಡೆಗೆ ಹೋದಾಗ ಮೇಲಿನ ಲೈಟ್ ಆಫ್, ಹೆಡ್‌ಲೈಟ್ ಡಿಮ್, ರಿವರ್ಸ್ ಬೇಕಾಗದ ಹಾಗೆ ಸುತ್ತು ದಾರಿ. ಆಮೇಲೆ ಎಲೆಕ್ಟ್ರಿಕ್ ಗಾಡಿ ತಂದರು. ಸದ್ದಿಲ್ಲ, ಹೊಗೆ ಇಲ್ಲ. ಸದ್ದಿಲ್ಲದ್ದೇ ಇನ್ನೊಂದು ಚಿಂತೆ. ಸಂಜೆ ಮಕ್ಕಳು ಸೈಕಲ್ ಹೊಡೆಯುವಾಗ ಹಿಂದಿನಿಂದ ಗಾಡಿ ಬಂದದ್ದು ತಿಳಿಯುವುದಿಲ್ಲ. ಯುರೋಪಿನಲ್ಲಿ ಹೊಸ ಎಲೆಕ್ಟ್ರಿಕ್ ಕಾರುಗಳು 20 ಕಿಲೋಮೀಟರ್‌ವರೆಗಿನ ವೇಗದಲ್ಲಿ ತಾವೇ ಒಂದು ಸದ್ದು ಮಾಡಬೇಕು ಅನ್ನೋ ನಿಯಮ ಇರುವುದು ಇದಕ್ಕೇ. ಸಂಜೆ ಹೊತ್ತು ಆ ಭಾಗಕ್ಕೆ ಗಾಡಿ ಬೇಡವೇ ಬೇಡ, ಗಾರ್ಡ್ ನಡೆದು ಬರಲಿ ಅಂತ ತೀರ್ಮಾನ ಮಾಡಿದೆವು.

ಈಗ ಮನುಷ್ಯರ ಬಗ್ಗೆ. ಇಷ್ಟೆಲ್ಲ ಉಪಕರಣದ ಮಧ್ಯೆ ನಮ್ಮ ರಾತ್ರಿ ಪಾಳಿಯ ಒಬ್ಬ ಡ್ರೈವರ್‌ನಿಂದ ನಾನು ಕಲಿತದ್ದೇ ಜಾಸ್ತಿ. ವಯಸ್ಸಾದವರು, ಮಾತು ಕಡಿಮೆ. ಬೇಸ್‌ಮೆಂಟ್‌ನಲ್ಲಿ ಸ್ಟಿಕ್ಕರ್ ಇಲ್ಲದ ಕಾರು ಕಂಡರೆ ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತಾರೆ. ಬಿಸಿ ಇದ್ದರೆ ಈಗಷ್ಟೇ ಬಂದದ್ದು, ಆಸುಪಾಸಿನಲ್ಲಿ ಯಾರೋ ಇದ್ದಾರೆ. ತಣ್ಣಗಿದ್ದರೆ ನಂಬರ್ ಬರೆದುಕೊಂಡು ಮುಂದೆ ಹೋಗುತ್ತಾರೆ. ಯಾರೂ ಬಳಸದ ಬಾಗಿಲುಗಳ ಸಂದಿಯಲ್ಲಿ ಸಣ್ಣ ಕಾಗದದ ಚೂರು ಸಿಕ್ಕಿಸಿರುತ್ತಾರೆ, ಮೊಣಕಾಲಿನ ಎತ್ತರದಲ್ಲಿ, ನೋಡಿದರೂ ಕಾಣದ ಹಾಗೆ. ಮುಂದಿನ ರೌಂಡ್ಸ್‌ಗೆ ಬಂದಾಗ ಚೂರು ಕೆಳಗೆ ಬಿದ್ದಿದ್ದರೆ ಬಾಗಿಲು ತೆರೆದಿದೆ ಅಂತ ಅರ್ಥ. ಗಾಡಿ ನಿಲ್ಲಿಸುವಾಗ ಮೂತಿ ಯಾವಾಗಲೂ ಹೊರಗಿನ ದಾರಿಗೆ. ಒಳಗಿನ ಲೈಟ್ ಬಾಗಿಲು ತೆರೆದಾಗ ಹತ್ತಿಕೊಳ್ಳದ ಹಾಗೆ ಮಾಡಿದ್ದಾರೆ, ಇಲ್ಲದಿದ್ದರೆ ಇಳಿಯುವಾಗ ಕತ್ತಲಲ್ಲಿ ಇರುವವನಿಗೆ ನಾವು ಚೆನ್ನಾಗಿ ಕಾಣುತ್ತೇವೆ, ನಮಗೆ ಅವನು ಕಾಣಲ್ಲ. ‘ಇದೆಲ್ಲ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟರಾ ಅಣ್ಣ?’ ಅಂತ ಕೇಳಿದೆ. ‘ಟ್ರೈನಿಂಗ್‌ನಲ್ಲಿ ಸೆಲ್ಯೂಟ್ ಹೊಡೆಯೋದು ಹೇಳಿಕೊಟ್ಟರು ಮೇಡಂ,’ ಅಂದರು.

ಇಂಥವರನ್ನು ಕಂಪನಿ ಹೇಗೆ ನೋಡಿಕೊಳ್ಳುತ್ತಿತ್ತು ಅನ್ನೋದು ನನ್ನ ದೊಡ್ಡ ಸಿಟ್ಟು. ರಿಲೀವರ್ ಬರದಿದ್ದರೆ ರಾತ್ರಿ ಪಾಳಿಯವರನ್ನೇ ಹಗಲಿಗೂ ಮುಂದುವರಿಸುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರು. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ 17 ಗಂಟೆ ನಿದ್ದೆ ಇಲ್ಲದೆ ಇದ್ದವನ ಕೈ ಕಣ್ಣಿನ ಚುರುಕು ರಕ್ತದಲ್ಲಿ 0.05 ಶೇಕಡಾ ಆಲ್ಕೋಹಾಲ್ ಇರುವವನ ಮಟ್ಟಕ್ಕೆ ಇಳಿಯುತ್ತದೆ. ಎಷ್ಟೋ ದೇಶಗಳಲ್ಲಿ ಅಷ್ಟು ಕುಡಿದು ಗಾಡಿ ಓಡಿಸಿದರೆ ಕೇಸು. ಮಕ್ಕಳು ಓಡಾಡುವ ಜಾಗದಲ್ಲಿ ಅಂಥವರ ಕೈಗೆ ಸ್ಟೀರಿಂಗ್ ಕೊಟ್ಟು, ಅದಕ್ಕೆ ಸೆಕ್ಯುರಿಟಿ ಅಂತ ಹೆಸರು ಬೇರೆ. ಎರಡು ಪಾಳಿ ಜೋಡಿಸಿದ್ದು ಕಂಡರೆ ಆ ಇಡೀ ದಿನದ ಬಿಲ್ ಕಡಿತ ಅಂತ ಒಪ್ಪಂದದಲ್ಲಿ ಬರೆಸಿದೆ. ಆಮೇಲೆ ರಿಲೀವರ್‌ಗಳು ಸಿಗೋಕೆ ಶುರು ಆದರು, ಎಲ್ಲಿಂದ ಬಂದರೋ! ಇನ್ನೊಂದು, ಖರ್ಚು ಉಳಿಸೋಕೆ ಡ್ರೈವರ್ ಒಬ್ಬನೇ ಸಾಕು ಅನ್ನುತ್ತಾರೆ. ಬೇಡ. ಓಡಿಸುವವನು ರಸ್ತೆ ನೋಡಬೇಕು. ಗೋಡೆ ನೋಡೋಕೆ ಇನ್ನೊಬ್ಬ ಬೇಕು. ಒಬ್ಬ ಒಳಗೆ ಹೋದಾಗ ಇನ್ನೊಬ್ಬ ಹೊರಗೆ ವಾಕಿಟಾಕಿ ಹಿಡಿದು ನಿಂತಿರಬೇಕು.

ಕಳ್ಳತನದ ಅಲಾರಂ ಹೊಡೆದಾಗ ಬರುವ ಸೇವೆಗೆ ಮಿಶ್ರ ಅಂಕ. ಇಂಥ ಅಲಾರಂಗಳಲ್ಲಿ ಬಹುಪಾಲು ಸುಳ್ಳು ಅಲಾರಂ ಅನ್ನೋದು ಎಲ್ಲರಿಗೂ ಗೊತ್ತು. ಅಮೆರಿಕದ ಪೊಲೀಸರಿಗಾಗಿ ಬರೆದ ಒಂದು ಸರ್ಕಾರಿ ಕೈಪಿಡಿಯಲ್ಲಿ ಈ ಪ್ರಮಾಣ 94ರಿಂದ 98 ಶೇಕಡಾ ಅಂತ ಇದೆ. ಗಾಳಿಗೆ ಅಲುಗಿದ ಬಾಗಿಲು, ಕೋಡ್ ಮರೆತ ಕೆಲಸಗಾರ, ಸೆನ್ಸರ್ ಮೇಲೆ ಓಡಿದ ಜೇಡ. ಪ್ರತಿ ಸಲ ಬಾಡಿಗೆದಾರ ಮನೆಯಿಂದ ಎದ್ದು ಬರುವ ಬದಲು ಗಸ್ತು ಗಾಡಿ ಹೋಗಿ ನೋಡುವುದು ದೊಡ್ಡ ಉಪಕಾರ. ಆದರೆ ಸುಳ್ಳು ಅಲಾರಂ ಅಭ್ಯಾಸ ಆಗಿಬಿಟ್ಟರೆ ನಿಜವಾದದ್ದಕ್ಕೂ ಅದೇ ನಿಧಾನದ ಹೆಜ್ಜೆ. ನಾವು ಒಂದು ಪರೀಕ್ಷೆ ಮಾಡಿದೆವು, ಅವರ ಮೇಲಿನ ಅಧಿಕಾರಿಗೆ ಮಾತ್ರ ಹೇಳಿ. ಗಾಡಿ ಹೇಳಿದ ಸಮಯದೊಳಗೆ ಬಂತು. ಇಬ್ಬರೂ ಇಳಿದರು. ಕಟ್ಟಡದ ಸುತ್ತ ಒಂದು ಸುತ್ತು ಹೊಡೆದು ಕಿಟಕಿ ಬಾಗಿಲು ನೋಡಿದರು, ಆಮೇಲೆ ಮುಂಬಾಗಿಲಿಗೆ ಬಂದರು. ಇಲ್ಲಿವರೆಗೆ ಪೂರ್ತಿ ಅಂಕ. ಬೀಗದ ಕೈ ಮಾತ್ರ ಅವರ ಹತ್ತಿರ ಇರಲಿಲ್ಲ! ಬೀಗದ ಕೈ ಕಂಟ್ರೋಲ್ ರೂಮಿನ ಕಪಾಟಿನಲ್ಲಿ, ಕಪಾಟಿನ ಕೈ ಸೂಪರ್‌ವೈಸರ್ ಜೇಬಿನಲ್ಲಿ, ಸೂಪರ್‌ವೈಸರ್ ರಜೆಯಲ್ಲಿ. ಈಗ ಸೀಲ್ ಮಾಡಿದ ನಂಬರಿನ ಚೀಲದಲ್ಲಿ ಕೈಗಳು ಗಾಡಿಯಲ್ಲೇ, ಬೋಲ್ಟ್ ಹಾಕಿದ ಪೆಟ್ಟಿಗೆಯೊಳಗೆ ಇರುತ್ತವೆ. ಸೀಲ್ ಒಡೆದರೆ ಯಾಕೆ ಅಂತ ಬರೆಯಬೇಕು.

ಒಂದು ಮಾತು ಗಾರ್ಡ್‌ಗಳಿಗೂ, ನಿವಾಸಿಗಳಿಗೂ ಸ್ಪಷ್ಟ ಇರಬೇಕು. ಇವರು ಪೊಲೀಸರಲ್ಲ. ಒಳಗೆ ಯಾರೋ ಇದ್ದಾರೆ ಅಂತ ಅನ್ನಿಸಿದರೆ ದೂರ ನಿಂತು ನೋಡಬೇಕು, ಪೊಲೀಸರಿಗೆ ತಿಳಿಸಬೇಕು, ಗಾಡಿ ನಂಬರ್, ಬಟ್ಟೆ, ಓಡಿದ ದಿಕ್ಕು ನೆನಪಿಟ್ಟುಕೊಳ್ಳಬೇಕು. ಕಾರಿನಲ್ಲಿ ಅಟ್ಟಿಸಿಕೊಂಡು ಹೋಗುವುದು ಕೆಲಸ ಅಲ್ಲ. ‘ನಿಮ್ಮ ಗಾಡಿ ಇದ್ದೂ ಹಿಡಿಯಲಿಲ್ಲವಾ?’ ಅಂತ ಕೇಳುವ ಕಮಿಟಿ ಸದಸ್ಯರು ಪ್ರತಿ ಕ್ಯಾಂಪಸ್‌ನಲ್ಲೂ ಒಬ್ಬರಿರುತ್ತಾರೆ.

ಈಗಿನ ರಿಪೋರ್ಟ್ ನೋಡಿದರೆ ಖುಷಿ. ಕಂಬದ ನಂಬರ್ ಹಾಕಿ ಉರಿಯದ ಲೈಟ್, ಫೋಟೋ ಸಮೇತ ಬಾಗಿದ ಬೇಲಿ, ತಾನಾಗಿ ಮುಚ್ಚಿಕೊಳ್ಳದ ಫೈರ್ ಡೋರ್, ಅದಕ್ಕೆ ಇಟ್ಟಿಗೆ ಒತ್ತು ಕೊಟ್ಟವರ ಫ್ಲೋರ್. ‘ಆಲ್ ಓಕೆ’ ಅಂತ ಬಂದ ಪುಟವನ್ನು ನಾನು ವಾಪಸ್ ಕಳಿಸುತ್ತೇನೆ. ಕಮಿಟಿಯವರಿಗೆ ಮೊದಮೊದಲು ಗಾಬರಿ ಆಯಿತು, ಸೆಕ್ಯುರಿಟಿ ಬದಲಾದ ಮೇಲೆ ಕ್ಯಾಂಪಸ್ ಹಾಳಾಗುತ್ತಿದೆಯಾ ಅಂತ.

ಹಾಗಾದರೆ ಯಾರು ತೆಗೆದುಕೊಳ್ಳಬೇಕು? ಜಾಗ ಚಿಕ್ಕದಿದ್ದರೆ, ಒಂದೋ ಎರಡೋ ಟವರ್ ಅಷ್ಟೇ ಇದ್ದರೆ ಕಾರು ಬೇಡ. ನಡೆಯುವ ಗಾರ್ಡ್, ಒಳ್ಳೆ ಲೈಟ್, ಸಿಸಿಟಿವಿ ಸಾಕು. ಗೋಡೌನ್, ಫ್ಯಾಕ್ಟರಿ, ಹರಡಿಕೊಂಡ ಲೇಔಟ್, ಹಲವು ಕಟ್ಟಡದ ಆಫೀಸ್ ಪಾರ್ಕ್ ಆದರೆ ಕಾರು ಬೇಕೇ ಬೇಕು. ಒಂದೇ ಗಾಡಿ ಹಲವು ಜಾಗಗಳನ್ನು ಸುತ್ತುವ ಹಂಚಿಕೆಯ ಸೇವೆಯೂ ಸಿಗುತ್ತದೆ. ರಾತ್ರಿ ಪೂರ್ತಿ ಖಾಲಿ ಇರುವ ಆಫೀಸಿಗೆ ಅದು ಸಾಕಾಗಬಹುದು. ಆದರೆ ಅವರು ಹೇಳುವ ‘ಇಷ್ಟು ನಿಮಿಷದಲ್ಲಿ ಬರುತ್ತೇವೆ’ ಅನ್ನೋ ಮಾತು ಗಾಡಿ ಆ ಹೊತ್ತಿಗೆ ಎಲ್ಲಿದೆ ಅನ್ನೋದರ ಮೇಲೆ ನಿಂತಿದೆ. ಅದೇ ಹೊತ್ತಿಗೆ ಎರಡು ಕಡೆ ಅಲಾರಂ ಹೊಡೆದರೆ ಮೊದಲು ಎಲ್ಲಿಗೆ ಹೋಗುತ್ತೀರಿ ಅಂತ ಕೇಳಿ. ಉತ್ತರ ಕೊಡೋಕೆ ತಡವರಿಸಿದರೆ ಅಲ್ಲಿಗೇ ಬಿಡಿ.

ಕಡಿಮೆಯಾದ ಒಂದೂವರೆ ಸ್ಟಾರ್‌ನಲ್ಲಿ ಒಂದು ಪೂರ್ತಿ, ಇದನ್ನೆಲ್ಲ ನಾನೇ ಹೇಳಿ ಮಾಡಿಸಬೇಕಾಯಿತು ಅನ್ನೋದಕ್ಕೆ. ಸೆಕ್ಯುರಿಟಿ ಅವರ ವೃತ್ತಿ, ನನ್ನದಲ್ಲ. ಉಳಿದ ಅರ್ಧ ಎರಡನೇ ಬೇಸ್‌ಮೆಂಟ್‌ಗೆ. ಅಲ್ಲಿ ವಾಕಿಟಾಕಿ ಸಿಗ್ನಲ್ ಇವತ್ತಿಗೂ ಸರಿಯಾಗಿ ಸಿಗಲ್ಲ. ಸಿಗ್ನಲ್ ಹಿಗ್ಗಿಸುವ ರಿಪೀಟರ್ ಹಾಕುತ್ತೇವೆ ಅಂತ ಬಹಳ ದಿನದಿಂದ ಹೇಳುತ್ತಲೇ ಇದ್ದಾರೆ. ಒಪ್ಪಂದ ಮುಂದುವರಿಸಿದ್ದೇವೆ, ಆದರೆ ರಿಪೀಟರ್ ಬರುವವರೆಗೆ ಆ ಅಂತಸ್ತಿನ ಪಾಲಿನ ಬಿಲ್ ತಡೆಹಿಡಿದಿದ್ದೇನೆ. ಕಳೆದ ವಾರ ಅವರ ಟೆಕ್ನಿಷಿಯನ್ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ.